ಕಾನ್ಫರೆನ್ಸ್ ಟಿಕೆಟ್ ತಗೊಳ್ಳೋಕೆ ಮುಂಚೆ ಒಂದು ಮೀಟಪ್ ಹಿಡೀರಿ: ಪುಣೆ, ಮುಂಬೈ, ಗೋವಾ ಕಡೆ ಇರೋ ಕನ್ನಡದ ಡೆವಲಪರ್‌ಗಳಿಗೆ

ದಾವಣಗೆರೆಯಿಂದ ಪುಣೆಗೆ ಬಂದು ನನಗೆ ಒಂಬತ್ತು ವರ್ಷ ಆಯ್ತು. ಈ ಊರಲ್ಲಿ ನನಗೆ ಸಿಕ್ಕ ಎರಡನೇ ಕೆಲಸ, ಮೂರನೇ ಕೆಲಸ, ಬೇರೆಯವರ ಕೋಡ್ ಓದೋದು ಹೇಗೆ ಅಂತ ಪಕ್ಕದಲ್ಲಿ ಕೂತು ಕಲಿಸಿದ ಹಿರಿಯರು, ಒಂದ್ಸಲ ಅರ್ಧರಾತ್ರಿ ಆಸ್ಪತ್ರೆಗೆ ಹೋಗ್ಬೇಕಾದಾಗ ಫೋನ್ ಮಾಡಿದ ಕೂಡ್ಲೇ ಗಾಡಿ ತಗೊಂಡು ಬಂದ ಗೆಳೆಯ, ಇವೆಲ್ಲ ಸಿಕ್ಕಿದ್ದು ಆಫೀಸಲ್ಲಿ ಅಲ್ಲ, ಶನಿವಾರದ ಮೀಟಪ್‌ಗಳಲ್ಲಿ, ಅಂದ್ರೆ ಒಂದೇ ಆಸಕ್ತಿ ಇರೋ ಡೆವಲಪರ್‌ಗಳು ಸೇರೋ ಸಣ್ಣ ಕೂಟಗಳಲ್ಲಿ. ಪ್ರತಿ ವರ್ಷ ಜೂನ್ ಜುಲೈ ಬಂತು ಅಂದ್ರೆ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ ಕಡೆಯಿಂದ ಹೊಸ ಹುಡುಗ್ರು ಹುಡುಗೀರು ಪುಣೆಯ ಐಟಿ ಏರಿಯಾಗಳಾದ ಹಿಂಜವಡಿಗೆ, ಖರಾಡಿಗೆ, ಮಗರಪಟ್ಟಾಗೆ ಕೆಲಸಕ್ಕೆ ಬರ್ತಾರೆ, ಪಿಜಿ ಹಿಡೀತಾರೆ, ಆಫೀಸು ಪಿಜಿ ಆಫೀಸು ಪಿಜಿ ಅಂತ ಎರಡು ವರ್ಷ ಕಳೆದೋಗತ್ತೆ, ಪಕ್ಕದ ಬೀದಿಲೇ ತಿಂಗಳಿಗೊಂದ್ಸಲ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಮಂದಿ ಸೇರ್ತಾರೆ ಅನ್ನೋದು ಗೊತ್ತೇ ಇರಲ್ಲ. ಇದು ಅವರಿಗೋಸ್ಕರ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ದೊಡ್ಡ ಕಾನ್ಫರೆನ್ಸ್‌ನಿಂದ ಶುರು ಮಾಡ್ಬೇಡಿ. ಸಾವಿರ ಜನ ಇರೋ ಹಾಲ್‌ಗೆ ಯಾರ ಪರಿಚಯನೂ ಇಲ್ದೆ ಹೋದ್ರೆ ಎರಡು ದಿನ ಒಬ್ಬರೇ ಕೂತು ಟಾಕ್ ಕೇಳಿ, ಒಬ್ಬರೇ ಊಟ ಮಾಡಿ, ಒಂದು ಟೀಶರ್ಟ್ ತಗೊಂಡು ವಾಪಸ್ ಬರ್ತೀರ. ಟಾಕ್‌ಗಳು ಆಮೇಲೆ ಯೂಟ್ಯೂಬಲ್ಲಿ ಸಿಗತ್ತೆ, ಅದಕ್ಕೆ ರೈಲು ಹತ್ತೋದು ಬೇಕಿಲ್ಲ. ಮೊದಲು ನಿಮ್ಮೂರಿನ ಒಂದು ಸಣ್ಣ ಗುಂಪಿಗೆ ಆರು ತಿಂಗಳು ಬಿಡದೆ ಹೋಗಿ. ಆಮೇಲೆ ಕಾನ್ಫರೆನ್ಸ್‌ಗೆ ಹೋದ್ರೆ ಬಾಗಿಲಲ್ಲೇ ನಾಲ್ಕು ಮುಖ ಪರಿಚಯದ್ದು ಕಾಣತ್ತೆ, ಅವರು ಇನ್ನು ನಾಲ್ಕು ಜನರನ್ನ ಪರಿಚಯ ಮಾಡಿಸ್ತಾರೆ.

ಒಂದೇ ಗುಂಪು ಆರಿಸ್ಕೊಳ್ಳಿ

ನೀವು ದಿನಾ ಬಳಸೋ ಭಾಷೆ ಅಥವಾ ಟೂಲ್ ಯಾವುದೋ ಅದರ ಗುಂಪು ಮೊದಲು ನೋಡಿ. ಪುಣೆಲಿ ಪೈಥಾನ್‌ಗೆ ಪೈಥಾನ್‌ಪುಣೆ ಇದೆ, ಹೆಣ್ಮಕ್ಕಳಿಗೆ ಪೈಲೇಡೀಸ್ ಇದೆ, ಲಿನಕ್ಸ್‌ಗೆ ಪ್ಲಗ್ ಅಂತ ಕರೆಯೋ ಹಳೇ ಯೂಸರ್ಸ್ ಗ್ರೂಪ್ ಇದೆ, ಸೆಕ್ಯುರಿಟಿಯಲ್ಲಿ ಆಸಕ್ತಿ ಇದ್ರೆ ನಲ್ ಅನ್ನೋ ಸಮುದಾಯದ ಚಾಪ್ಟರ್ ಪುಣೆ ಮುಂಬೈ ಎರಡೂ ಕಡೆ ಇದೆ, ಗೂಗಲ್ ಟೆಕ್ನಾಲಜಿಗಳಿಗೆ ಜಿಡಿಜಿ (ಗೂಗಲ್ ಡೆವಲಪರ್ ಗ್ರೂಪ್), ಓಪನ್ ಸೋರ್ಸ್ ಅಂದ್ರೆ ಯಾರು ಬೇಕಾದ್ರೂ ಕೋಡ್ ನೋಡಿ ಬದಲಾಯಿಸಬಹುದಾದ ಸಾಫ್ಟ್‌ವೇರಲ್ಲಿ ಒಟ್ಟಾರೆ ಆಸಕ್ತಿ ಇರೋರಿಗೆ ಫಾಸ್ ಯುನೈಟೆಡ್‌ನ ನಗರ ಘಟಕಗಳು. ಎಲ್ಲದಕ್ಕೂ ಹೆಸರು ಕೊಟ್ಟು ಎಲ್ಲೂ ಹೋಗದೆ ಇರೋದಕ್ಕಿಂತ ಒಂದಕ್ಕೇ ನೆಟ್ಟಗೆ ಹೋಗೋದು ಒಳ್ಳೇದು. ಮೂರು ಸಲ ಹೋದ್ಮೇಲೂ ಮನಸ್ಸಿಗೆ ಹಿಡಿಸ್ಲಿಲ್ಲ, ಬರೀ ಯಾವುದೋ ಕಂಪನಿಯ ಪ್ರಾಡಕ್ಟ್ ಮಾರಾಟದ ಮಾತೇ ಆಗ್ತಿದೆ ಅನ್ಸಿದ್ರೆ ಆಗ ಬೇರೆ ನೋಡಿ. ಮೊದಲ ಸಲಕ್ಕೇ ಬಿಡ್ಬೇಡಿ, ಮೊದಲ ಸಲ ಯಾರಿಗೂ ಹಿಡಿಸಲ್ಲ.

ಪುಣೆಯ ನೆಲದಲ್ಲಿ ಇಂಥ ಗುಂಪುಗಳ ಬೇರು ತುಂಬಾ ಹಳೇದು, ಇದನ್ನ ಹೊಸಬರು ತಿಳ್ಕೊಂಡಿರ್ಬೇಕು. ಮಾಡೆಲ್ ಕಾಲೊನಿ ಹತ್ರ ಇರೋ ಸಿಂಬಯಾಸಿಸ್‌ನ ಕಂಪ್ಯೂಟರ್ ಕಾಲೇಜಲ್ಲಿ ಗ್ನೂನಿಫೈ ಅಂತ ವರ್ಷ ವರ್ಷ ಫ್ರೀ ಸಾಫ್ಟ್‌ವೇರ್ ಹಬ್ಬ ನಡೀತಿತ್ತು. ಪೈಥಾನ್ ಕಾನ್ಫರೆನ್ಸ್ ಆದ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಲಿ ಶುರುವಾಗಿ 2011ರಲ್ಲಿ ಪುಣೆಗೆ ಬಂತು, ಅದೇ ವರ್ಷ ಫೆಡೋರಾ ಅನ್ನೋ ಲಿನಕ್ಸ್‌ನವರ ಫುಡ್‌ಕಾನ್ ಸಮ್ಮೇಳನ ಇಲ್ಲಿನ ಸಿಒಇಪಿ ಕಾಲೇಜಲ್ಲಾಯ್ತು, 2017ರಲ್ಲಿ ಪೈಕಾನ್ ಪುಣೆ ಶುರುವಾಯ್ತು, ಗೋ ಭಾಷೆಯವರ ಗೋಫರ್‌ಕಾನ್ ಇಂಡಿಯಾ 2017, 2018ರಲ್ಲಿ ಇಲ್ಲೇ ನಡೀತು. ಇಂಥ ಕಡೆಗಳಲ್ಲಿ ಕಾಲೇಜು ಹುಡುಗರಾಗಿ ಕುರ್ಚಿ ಎತ್ತಿಟ್ಟು, ಬ್ಯಾಡ್ಜ್ ಹಂಚಿ, ಮೈಕ್ ಹಿಡ್ಕೊಂಡು ಓಡಾಡಿದವರಲ್ಲಿ ಎಷ್ಟೋ ಜನ ಇವತ್ತು ಇದೇ ಊರಿನ ಕಂಪನಿಗಳಲ್ಲಿ ಆರ್ಕಿಟೆಕ್ಟ್, ಎಂಜಿನಿಯರಿಂಗ್ ಮ್ಯಾನೇಜರ್ ಆಗಿದಾರೆ, ಮೀಟಪ್‌ಗೆ ಬಂದಾಗ ನಿಮ್ಮ ಪಕ್ಕದ ಕುರ್ಚಿಲೇ ಕೂತಿರ್ತಾರೆ. ಅವರ ಹುದ್ದೆ ಏನು ಅಂತ ಹಣೆ ಮೇಲೆ ಬರೆದಿರಲ್ಲ, ಮಾತಾಡಿಸಿದ್ರೆ ಮಾತ್ರ ಗೊತ್ತಾಗೋದು.

ಮೊದಲನೇ ದಿನ

ಆರ್‌ಎಸ್‌ವಿಪಿ ಮಾಡಿ, ಅಂದ್ರೆ ಬರ್ತೀನಿ ಅಂತ ಮೊದಲೇ ಹೆಸರು ಕೊಡಿ, ಕೊಟ್ಮೇಲೆ ಹೋಗಿ. ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಹೆಚ್ಚಿನ ಮೀಟಪ್‌ಗಳು ಯಾವುದಾದ್ರೂ ಕಂಪನಿಯ ಆಫೀಸಲ್ಲೋ ಕೋವರ್ಕಿಂಗ್ ಜಾಗದಲ್ಲೋ ನಡೆಯತ್ವೆ, ಕ್ಯಾಂಪಸ್ ಗೇಟಲ್ಲಿ ಸೆಕ್ಯುರಿಟಿ ಹತ್ರ ಹೆಸರಿನ ಪಟ್ಟಿ ಇರತ್ತೆ, ಅದ್ರಲ್ಲಿ ಹೆಸರಿಲ್ಲ ಅಂದ್ರೆ ಒಳಗೆ ಬಿಡಲ್ಲ. ಆಧಾರ್ ಅಥವಾ ಲೈಸೆನ್ಸ್ ಜೊತೆಗಿರ್ಲಿ. ಲ್ಯಾಪ್‌ಟಾಪ್ ತಗೊಂಡ್ಹೋದ್ರೆ ಸೀರಿಯಲ್ ನಂಬರ್ ರಿಜಿಸ್ಟರಲ್ಲಿ ಬರೆಸ್ತಾರೆ, ಅದು ಲ್ಯಾಪ್‌ಟಾಪ್ ತಳದಲ್ಲಿ ಇರೋದು, ಅಕ್ಷರ ಕಣ್ಣಿಗೆ ಕಾಣದಷ್ಟು ಸಣ್ಣದು, ಮನೇಲೇ ಫೋನಲ್ಲಿ ಫೋಟೋ ತೆಗೆದಿಟ್ಕೊಂಡ್ರೆ ಗೇಟಲ್ಲಿ ಹತ್ತು ನಿಮಿಷ ಉಳಿಯತ್ತೆ. ಐವತ್ತು ಜನ ಬರ್ತೀವಿ ಅಂತ ಹಾಕಿ ಹದಿನೈದು ಜನ ಬಂದ್ರೆ ಆಯೋಜಕರು ತರಿಸಿದ ತಿಂಡಿ ವೇಸ್ಟು, ಜಾಗ ಕೊಟ್ಟ ಕಂಪನಿಯವರು ಮುಂದಿನ ಸಲ ಹಿಂದೆಮುಂದೆ ನೋಡ್ತಾರೆ. ಬರಕ್ಕಾಗಲ್ಲ ಅಂದ್ರೆ ಹಿಂದಿನ ರಾತ್ರಿನಾದ್ರೂ ಹೆಸರು ತೆಗೆಸಿ.

ಹದಿನೈದು ನಿಮಿಷ ಮುಂಚೆ ಹೋಗಿ. ನಾನು ಮೊದಲ ಮೂರು ಮೀಟಪ್‌ಗೆ ಸರಿಯಾಗಿ ಟಾಕ್ ಶುರುವಾಗೋ ಹೊತ್ತಿಗೆ ಹೋಗಿ ಕೊನೇ ಸಾಲಲ್ಲಿ ಕೂತು, ಮುಗಿದ ತಕ್ಷಣ ಎದ್ದು ಬಂದೆ, ಒಬ್ಬರ ಹೆಸರೂ ತಿಳೀಲಿಲ್ಲ. ನಾಲ್ಕನೇ ಸಲ ಬಸ್ ಬೇಗ ಸಿಕ್ಕಿ ಮುಂಚೆ ತಲುಪಿಬಿಟ್ಟೆ. ಒಳಗೆ ಒಬ್ಬ ಹೆಂಗಸು ಪ್ರೊಜೆಕ್ಟರ್ ಜೊತೆ ಒದ್ದಾಡ್ತಿದ್ರು, ಕೇಬಲ್ ಎಚ್‌ಡಿಎಂಐದು, ಲ್ಯಾಪ್‌ಟಾಪಲ್ಲಿ ಇರೋದು ಬರೀ ಸಿ ಟೈಪ್ ಪೋರ್ಟು. ನನ್ನ ಬ್ಯಾಗಲ್ಲಿ ಆಫೀಸಿನ ಅಡಾಪ್ಟರ್ ಇತ್ತು, ತೆಗೆದು ಕೊಟ್ಟೆ. ಪರದೆ ಮೇಲೆ ಚಿತ್ರ ಬಂತು. ಅವರು ತಿರುಗಿ ನನ್ನ ಐಡಿ ಕಾರ್ಡಲ್ಲಿ ಹೆಸರು ಓದಿ "ಕನ್ನಡದವರೇನ್ರೀ ನೀವು?" ಅಂದ್ರು. ಬೆಳಗಾವಿಯವರು, ಪುಣೆಗೆ ಬಂದು ಹದಿನಾಲ್ಕು ವರ್ಷ ಆಗಿತ್ತಂತೆ. "ಹೌದು ಮೇಡಮ್, ದಾವಣಗೆರೆ" ಅಂದೆ. "ಮೇಡಮ್ ಗೀಡಮ್ ಬ್ಯಾಡ, ಅಕ್ಕಾ ಅನ್ನಪ್ಪಾ, ಮೊದಲ ಈ ಕುರ್ಚಿ ಹಿಂದ ಸರಸೋಣ ಬಾ" ಅಂದ್ರು. ಅವತ್ತು ಕುರ್ಚಿ ಸರಿಸೋಕೆ ಸೇರಿದವನು ಈಗ್ಲೂ ಸರಿಸ್ತಾನೇ ಇದೀನಿ. ಅದಕ್ಕೇ ಹೇಳೋದು, ಮುಂಚೆ ಹೋಗಿ, ಯಾರು ಕೆಲಸ ಮಾಡ್ತಿದಾರೋ ಅವರ ಹತ್ರ ಹೋಗಿ "ಏನಾದ್ರೂ ಮಾಡ್ಲಾ?" ಅಂತ ಕೇಳಿ. ಹೊಸ ಜಾಗದಲ್ಲಿ ಕೈಗೆ ಕೆಲಸ ಇದ್ರೆ ಮಾತು ತಾನಾಗೇ ಬರತ್ತೆ.

ಭಾಷೆ ಬಗ್ಗೆ

ನಮ್ಮ ಕಡೆ ಹುಡುಗ್ರು ಮೀಟಪ್‌ಗೆ ಹೋಗದೆ ಇರೋಕೆ ನಿಜವಾದ ಕಾರಣ ಇದೇ. ಕನ್ನಡ ಮೀಡಿಯಮ್ಮಲ್ಲಿ ಓದಿದೀವಿ, ಇಂಗ್ಲಿಷ್ ಓದಕ್ಕೆ ಬರತ್ತೆ ಮಾತಾಡಕ್ಕೆ ತಡವರಿಸತ್ತೆ, ಹಿಂದಿ ಅರ್ಧಂಬರ್ಧ, ಮರಾಠಿ ಬರಲ್ಲ. ಒಂದು ವಿಷಯ ಖಂಡಿತ ಹೇಳ್ತೀನಿ, ಪುಣೆ ಮುಂಬೈ ಮೀಟಪ್‌ಗಳಲ್ಲಿ ಅರ್ಧ ಜನ ಇದೇ ಸ್ಥಿತಿಲಿ ಇರೋರು, ಲಾತೂರಿನವರು, ನಾಂದೇಡದವರು, ಬಿಹಾರದವರು, ಕೇರಳದವರು, ಯಾರ ಇಂಗ್ಲಿಷೂ ಬಿಬಿಸಿ ಇಂಗ್ಲಿಷ್ ಅಲ್ಲ. ಪ್ರಶ್ನೆ ಕೇಳೋಕೆ ಭಯ ಆದ್ರೆ ಟಾಕ್ ನಡೀತಿರೋವಾಗ್ಲೇ ನೋಟ್‌ಬುಕ್ಕಲ್ಲಿ ಪ್ರಶ್ನೆನ ಪೂರ್ತಿ ವಾಕ್ಯವಾಗಿ ಬರ್ಕೊಳ್ಳಿ, ನೋಡ್ಕೊಂಡೇ ಓದಿ, ಯಾರೂ ಏನೂ ಅನ್ಕೊಳ್ಳಲ್ಲ. ಎಲ್ಲರ ಮುಂದೆ ಆಗಲ್ಲ ಅಂದ್ರೆ ಮುಗಿದ್ಮೇಲೆ ಸ್ಪೀಕರ್ ಹತ್ರ ಹೋಗಿ ಕೇಳಿ, ಎಷ್ಟೋ ಸಲ ಒಳ್ಳೇ ಉತ್ತರ ಸಿಗೋದೇ ಆಗ.

ವಿಷಯದ ಬುನಾದಿಯೇ ಗಟ್ಟಿ ಇಲ್ಲ ಅನ್ನೋರಿಗೆ ಐಐಟಿ ಬಾಂಬೆಯವರು ಮಾಡಿರೋ ಸ್ಪೋಕನ್ ಟ್ಯುಟೋರಿಯಲ್ ಇದೆ, ಲಿನಕ್ಸ್, ಪೈಥಾನ್, ಲಿಬ್ರೆಆಫೀಸ್ ಇಂಥ ಓಪನ್ ಸೋರ್ಸ್ ವಿಷಯಗಳನ್ನ ಸಣ್ಣ ಸಣ್ಣ ವಿಡಿಯೋಗಳಲ್ಲಿ ಕಲಿಸ್ತಾರೆ, ಕನ್ನಡದಲ್ಲೂ ಡಬ್ ಆಗಿರೋದು ಬಹಳ ಇವೆ, ಉಚಿತ. ಮೀಟಪ್‌ಗೆ ಹೋಗೋ ವಾರ ಆ ವಿಷಯದ ಎರಡು ವಿಡಿಯೋ ಕನ್ನಡದಲ್ಲಿ ನೋಡ್ಕೊಂಡು ಹೋದ್ರೆ ಇಂಗ್ಲಿಷ್ ಟಾಕ್ ಅರ್ಧಕ್ಕಿಂತ ಜಾಸ್ತಿ ಅರ್ಥ ಆಗತ್ತೆ. ಇನ್ನೊಂದು, ಸ್ವಲ್ಪ ಮರಾಠಿ ಕಲೀರಿ. ಊಟದ ಹೊತ್ತಲ್ಲಿ, ಟಪರಿಲಿ (ರಸ್ತೆ ಬದಿ ಚಹಾ ಅಂಗಡಿ) ಚಹಾ ಕುಡಿಯೋವಾಗ ಮಾತೆಲ್ಲ ಮರಾಠಿಗೆ ತಿರುಗತ್ತೆ, ಆಗ ಎರಡು ಮಾತು ಆಡಿದ್ರೂ ಜನ ನಿಮ್ಮನ್ನ ನಮ್ಮವರು ಅನ್ಕೋತಾರೆ.

ಐದು ನಿಮಿಷದ ಮಾತು

ಮೂರ್ನಾಲ್ಕು ತಿಂಗಳಾದ್ಮೇಲೆ ಲೈಟ್ನಿಂಗ್ ಟಾಕ್ ಕೊಡಿ. ಐದು ನಿಮಿಷ, ಅಷ್ಟೇ. "ನನಗೇನು ಗೊತ್ತು ಹೇಳೋಕೆ" ಅನ್ನೋ ಪ್ರಶ್ನೆ ಎಲ್ಲರಿಗೂ ಬರತ್ತೆ. ಕನ್ನಡದೋರಿಗೆ ಮಾತ್ರ ಗೊತ್ತಿರೋ ವಿಷಯಗಳಿವೆ, ಅದನ್ನೇ ತಗೊಳ್ಳಿ. ನನ್ನ ಮೊದಲ ಟಾಕ್ "ಪುಣೆ" ಅನ್ನೋ ಒಂದೇ ಪದದ ಬಗ್ಗೆ. ಕಣ್ಣಿಗೆ ಕಾಣೋದು ಎರಡು ಅಕ್ಷರ. ಪೈಥಾನಲ್ಲಿ ಉದ್ದ ಎಣಿಸೋ ಲೆನ್ ಫಂಕ್ಷನ್ ಹಾಕಿ ಕೇಳಿದ್ರೆ ನಾಲ್ಕು ಅನ್ನತ್ತೆ, ಯಾಕಂದ್ರೆ ಅಕ್ಷರಗಳಿಗೆ ನಂಬರ್ ಕೊಡೋ ಯೂನಿಕೋಡಲ್ಲಿ ಪ ಒಂದು, ಉಕಾರದ ಕೊಂಬು ಒಂದು, ಣ ಒಂದು, ಎಕಾರದ ಏತ್ವ ಒಂದು. ಅದೇ ಪದನ ಕಂಪ್ಯೂಟರಲ್ಲಿ ಉಳಿಸೋ ಯುಟಿಎಫ್-8 ರೂಪಕ್ಕೆ ಎನ್‌ಕೋಡ್ ಮಾಡಿ ಬೈಟ್ ಎಣಿಸಿದ್ರೆ ಹನ್ನೆರಡು, ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ (ಯೂನಿಕೋಡ್ ನಂಬರ್‌ಗೂ) ಮೂರು ಬೈಟ್ ಬೇಕು. ಆ ಪದನ ಹಿಂದುಮುಂದು (ಸ್ಟ್ರಿಂಗ್ ರಿವರ್ಸ್) ಮಾಡಿದ್ರೆ ಏತ್ವ ಮುಂದೆ ಬಂದು ಹಿಡ್ಕೊಳ್ಳೋಕೆ ಅಕ್ಷರನೇ ಇಲ್ದೆ ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಲ್ಲತ್ತೆ, ಕೊಂಬು ಹೋಗಿ ಣ ಅಕ್ಷರಕ್ಕೆ ಅಂಟ್ಕೊಳ್ಳತ್ತೆ. ಇದನ್ನ ಪರದೆ ಮೇಲೆ ತೋರ್ಸಿದಾಗ ಹಾಲ್ ಪೂರ್ತಿ ಮುಂದಕ್ಕೆ ಬಗ್ಗಿ ನೋಡ್ತು. ಆಮೇಲೆ ಹೇಳಿದೆ, ನಿಮ್ಮ ಫಾರ್ಮಲ್ಲಿ ಹೆಸರಿಗೆ ಇಪ್ಪತ್ತು ಬೈಟ್ ಅಂತ ಮಿತಿ ಹಾಕಿದ್ರೆ ನಮ್ಮಮ್ಮನ ಹೆಸರು ಅದ್ರಲ್ಲಿ ಹಿಡಿಯಲ್ಲ ಅಂತ. ಅವತ್ತು ಮರಾಠಿ, ಮಲಯಾಳಂ, ಬಂಗಾಳಿ ಮಂದಿ ಎಲ್ಲ ಬಂದು ಅವರವರ ಭಾಷೆಯ ಇಂಥದ್ದೇ ಕಥೆ ಹೇಳಿದ್ರು.

ಇದು ಪುಣೆಗೆ ಹೊಂದೋ ವಿಷಯ ಕೂಡ. ಭಾರತೀಯ ಭಾಷೆಗಳಿಗೆ ಕಂಪ್ಯೂಟರಲ್ಲಿ ಜಾಗ ಮಾಡಿಕೊಟ್ಟ ಸರ್ಕಾರಿ ಸಂಸ್ಥೆ ಸಿಡ್ಯಾಕ್‌ನ ಕೇಂದ್ರ ಕಚೇರಿ ಇರೋದು ಈ ಊರಲ್ಲೇ. ಲಿನಕ್ಸಲ್ಲಿ ಕನ್ನಡ ಓದೋಕೆ ನಾವು ವರ್ಷಾನುಗಟ್ಟಲೆ ಬಳಸಿದ ಲೋಹಿತ್ ಕನ್ನಡ ಫಾಂಟ್‌ನ ನೋಡ್ಕೊಂಡು ಸರಿಮಾಡಿದ, ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಎಂಜಿನಿಯರ್‌ಗಳೂ ಪುಣೆ ಆಫೀಸಿನವರು. ಕನ್ನಡ ಬರೋ ಡೆವಲಪರ್ ಈ ಊರಿಗೆ ಹೊರಗಿನವನೇನಲ್ಲ ಅಂತ ನಾನು ಮನಸಾರೆ ನಂಬಿದೀನಿ.

ಸ್ಲೈಡ್ ಆರಕ್ಕಿಂತ ಜಾಸ್ತಿ ಬೇಡ, ಫಾಂಟ್ ದೊಡ್ಡದಿರ್ಲಿ, ಟರ್ಮಿನಲ್ ತೋರ್ಸೋದಾದ್ರೆ ಬಿಳಿ ಹಿನ್ನೆಲೆ ಇಡಿ, ಕಪ್ಪು ಹಿನ್ನೆಲೆ ಪ್ರೊಜೆಕ್ಟರಲ್ಲಿ ಕಾಣಲ್ಲ. ಮನೇಲಿ ಮೂರು ಸಲ ಗಟ್ಟಿಯಾಗಿ, ಗಡಿಯಾರ ಇಟ್ಕೊಂಡು ಹೇಳಿ ನೋಡಿ.

ಈಗ ಕಾನ್ಫರೆನ್ಸ್

ವರ್ಷಕ್ಕೆ ಒಂದು ಸಾಕು, ಹೆಚ್ಚಂದ್ರೆ ಎರಡು. ಸಮುದಾಯದವರೇ ನಡೆಸೋ ಕಾನ್ಫರೆನ್ಸ್ ಆರಿಸಿ, ಅಂದ್ರೆ ಟಾಕ್‌ಗಳನ್ನ ಹೆಚ್ಚಾಗಿ ವಾಲಂಟಿಯರ್‌ಗಳೇ ಆಯ್ಕೆ ಮಾಡೋ ಜಾಗ. ಪೈಕಾನ್ ಇಂಡಿಯಾ ಅಂಥದ್ದು, ಫಾಸ್ ಯುನೈಟೆಡ್‌ನ ಇಂಡಿಯಾಫಾಸ್ ಅಂಥದ್ದು. ಪೈಕಾನ್ ಇಂಡಿಯಾ ಊರು ಬದಲಾಯಿಸ್ತಾ ಇರತ್ತೆ, 2018ರಲ್ಲಿ ಹೈದರಾಬಾದ್, 2019ರಲ್ಲಿ ಚೆನ್ನೈ, 2024ರಲ್ಲಿ ಬೆಂಗಳೂರು ಹೀಗೆ. ಸಾಮಾನ್ಯವಾಗಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬೀಳತ್ತೆ, ಅಂದ್ರೆ ಗಣಪತಿ ಹಬ್ಬ ದಸರಾ ರಶ್ ಸಮಯ, ಪುಣೆಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಸೀಟು ಕೊನೇ ಗಳಿಗೆಲಿ ಸಿಗೋ ಮಾತೇ ಇಲ್ಲ. ರೈಲ್ವೆ ಮುಂಗಡ ಬುಕಿಂಗ್ 2024ರ ನವೆಂಬರಿಂದ 60 ದಿನಕ್ಕೆ ಇಳಿದಿದೆ, ಮೊದಲು 120 ದಿನ ಇತ್ತು, ಹಳೇ ಲೆಕ್ಕದಲ್ಲಿ ಇರ್ಬೇಡಿ, ಅರವತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಬುಕ್ ಮಾಡಿ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ದೆ ಮಾತಾಡೋಣ. ಟಿಕೆಟ್, ರೈಲು, ರೂಮು, ಊಟ ಅಂತ ಸೇರಿದ್ರೆ ಫ್ರೆಶರ್ ಸಂಬಳದಲ್ಲಿ ದೊಡ್ಡ ಮೊತ್ತ, ಮನೆಗೆ ದುಡ್ಡು ಕಳಿಸೋರಿಗಂತೂ ಇನ್ನೂ ಕಷ್ಟ. ಮೂರು ದಾರಿ ಇದೆ. ಅರ್ಲಿ ಬರ್ಡ್ ಟಿಕೆಟ್ ತಗೊಳ್ಳೋದು. ಹಲವು ಸಮುದಾಯ ಕಾನ್ಫರೆನ್ಸ್‌ಗಳು ಫೈನಾನ್ಶಿಯಲ್ ಏಡ್ ಕೊಡ್ತವೆ, ಅರ್ಜಿ ಹಾಕೋದು, ಇದು ಭಿಕ್ಷೆ ಅಲ್ಲ, ಬರೋಕೆ ಆಗದವರು ಬರ್ಲಿ ಅಂತಾನೇ ಎತ್ತಿಟ್ಟ ದುಡ್ಡು, ಸಂಕೋಚ ಬೇಡ. ಮೂರನೇದು ನಿಮ್ಮ ಮ್ಯಾನೇಜರ್‌ಗೆ ಕೇಳೋದು. "ಸರ್, ಕಾನ್ಫರೆನ್ಸ್‌ಗೆ ಹೋಗ್ಲಾ" ಅಂತ ಬಾಯಲ್ಲಿ ಕೇಳಿದ್ರೆ "ನೋಡೋಣ" ಅಂತಾರೆ, ಅಲ್ಲಿಗೆ ಮುಗೀತು. ಮೇಲ್ ಬರೀರಿ, ನಮ್ಮ ಪ್ರಾಜೆಕ್ಟಲ್ಲಿ ಇಂಥ ತೊಂದರೆ ಇದೆ, ಅಲ್ಲಿ ಈ ಈ ಮೂರು ಟಾಕ್ ಅದರ ಬಗ್ಗೆನೇ ಇದೆ, ವಾಪಸ್ ಬಂದು ಟೀಮಿಗೆ ಒಂದು ಗಂಟೆ ಹೇಳ್ತೀನಿ, ಖರ್ಚು ಇಷ್ಟು ಅಂತ. ಹಾಗೆ ಬರೆದ ಮೇಲ್‌ನ ಮ್ಯಾನೇಜರ್ ತನ್ನ ಮೇಲಿನವರಿಗೆ ಹಾಗೇ ಫಾರ್ವರ್ಡ್ ಮಾಡ್ಬಹುದು.

ಟಾಕ್ ಕೊಡ್ಬೇಕು ಅಂದ್ರೆ ನಾಲ್ಕೈದು ತಿಂಗಳು ಮುಂಚೆನೇ ಪ್ರಪೋಸಲ್ ಕರೀತಾರೆ. ಆಯ್ಕೆ ಸಮಿತಿಯವರು ರಾತ್ರಿ ಆಫೀಸ್ ಮುಗಿಸ್ಕೊಂಡು ನೂರಾರು ಪ್ರಪೋಸಲ್ ಓದೋರು, ಅವರಿಗೆ "ಡಾಕರ್ ಪರಿಚಯ" ಅಂತ ಬರೆದ್ರೆ ಅದೇ ಹೆಸರಿನದ್ದು ಇನ್ನೂ ಹತ್ತಿರತ್ತೆ. ನೀವೇ ಅನುಭವಿಸಿದ್ದನ್ನ ಬರೀರಿ. ನಮ್ಮ ಟೀಮಲ್ಲಿ ಡಾಕರ್ (ಪ್ರೋಗ್ರಾಂನ ಅದಕ್ಕೆ ಬೇಕಾದ್ದೆಲ್ಲದರ ಜೊತೆ ಪ್ಯಾಕ್ ಮಾಡೋ ಟೂಲ್) ಬಿಲ್ಡ್ ಪ್ರತಿ ಸಲ ಹದಿನೆಂಟು ನಿಮಿಷ ತಗೋತಿತ್ತು. ಡಾಕರ್‌ಫೈಲ್‌ನಲ್ಲಿ ಮೊದಲು ಪೂರ್ತಿ ಸೋರ್ಸ್ ಕೋಡ್ ಕಾಪಿ ಮಾಡಿ ಆಮೇಲೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡ್ತಿದ್ವಿ, ಒಂದು ಕಾಮೆಂಟ್ ಬದಲಾದ್ರೂ ಆ ಲೇಯರ್‌ನ (ಹಂತದ) ಉಳಿಸಿಟ್ಟ ಪ್ರತಿ, ಅಂದ್ರೆ ಕ್ಯಾಶ್, ಮುರಿದು ಕೆಳಗಿನದ್ದೆಲ್ಲ ಮತ್ತೆ ಮೊದಲಿಂದ. ಪ್ಯಾಕೇಜ್‌ಗಳ ಪಟ್ಟಿ ಇರೋ ರಿಕ್ವೈರ್‌ಮೆಂಟ್ಸ್ ಫೈಲ್ ಒಂದನ್ನೇ ಮೊದಲು ಕಾಪಿ ಮಾಡಿ, ಇನ್‌ಸ್ಟಾಲ್ ಮಾಡಿ, ಆಮೇಲೆ ಕೋಡ್ ಕಾಪಿ ಮಾಡಿದ್ರೆ ಇನ್‌ಸ್ಟಾಲ್ ಲೇಯರ್ ಕ್ಯಾಶಿಂದ ಬರತ್ತೆ, ಎರಡು ಸಾಲು ಮೇಲೆ ಕೆಳಗೆ ಮಾಡಿದ್ದಕ್ಕೆ ಮೂರು ನಿಮಿಷಕ್ಕೆ ಇಳೀತು. "ಎರಡು ಸಾಲು ಅದಲು ಬದಲು, ಬಿಲ್ಡ್ ಹದಿನೆಂಟರಿಂದ ಮೂರು ನಿಮಿಷಕ್ಕೆ" ಅನ್ನೋ ಹೆಸರು ಓದಿದವರಿಗೆ ಏನು ಕಲೀತೀವಿ ಅಂತ ತಕ್ಷಣ ತಿಳಿಯತ್ತೆ. ಪ್ರಪೋಸಲಲ್ಲಿ ಯಾರಿಗೆ ಈ ಟಾಕ್, ಅವರಿಗೆ ಮೊದಲೇ ಏನು ಗೊತ್ತಿರ್ಬೇಕು, ಯಾವ ಭಾಗಕ್ಕೆ ಎಷ್ಟು ನಿಮಿಷ, ಇದನ್ನ ಬರೀರಿ, ಮೀಟಪಲ್ಲಿ ಕೊಟ್ಟ ಟಾಕ್‌ನ ವಿಡಿಯೋ ಇದ್ರೆ ಲಿಂಕ್ ಹಾಕಿ. ರಿಜೆಕ್ಟ್ ಆದ್ರೆ ಕಾರಣ ಕೇಳಿ, ತಿದ್ದಿ, ಮುಂದಿನ ವರ್ಷ ಮತ್ತೆ ಹಾಕಿ, ನನ್ನದು ಎರಡು ಸಲ ರಿಜೆಕ್ಟ್ ಆಗಿ ಮೂರನೇ ವರ್ಷ ತಗೊಂಡ್ರು.

ಅಲ್ಲಿ ಹೋದ್ಮೇಲೆ

ಟಾಕ್‌ಗಳಲ್ಲಿ ಅರ್ಧ ಬಿಡಿ. ನಿಜವಾಗಿ ಹೇಳ್ತಿದೀನಿ. ಹಿಂದಿನ ರಾತ್ರಿ ಕೂತು ದಿನಕ್ಕೆ ಮೂರು ನಾಲ್ಕು ಟಾಕ್ ಮಾತ್ರ ಗುರುತು ಹಾಕ್ಕೊಳ್ಳಿ, ಉಳಿದ ಹೊತ್ತು ಹಾಲ್ ಹೊರಗೆ ಕಾರಿಡಾರಲ್ಲಿ ಇರಿ. ಕಾಫಿ ಮೇಜಿನ ಸುತ್ತ ಗುಂಪು ನಿಂತಿರೋವಾಗ ಹೊಸಬರಿಗೆ ಒಳಗೆ ಸೇರೋಕೆ ಕಷ್ಟ, ಅದಕ್ಕೆ ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್ ಬರೆಯೋರ ರೈಟ್ ದ ಡಾಕ್ಸ್ ಸಮುದಾಯದ ಎರಿಕ್ ಹೋಲ್ಷರ್ ಪ್ಯಾಕ್‌ಮ್ಯಾನ್ ನಿಯಮ ಅಂತ ಮಾಡಿದಾರೆ, ಗುಂಪು ಪೂರ್ತಿ ವೃತ್ತವಾಗಿ ನಿಲ್ಬಾರ್ದು, ಹಳೇ ವಿಡಿಯೋ ಗೇಮಿನ ಪ್ಯಾಕ್‌ಮ್ಯಾನ್ ಬಾಯಿ ಥರ ಒಬ್ಬರು ಬರೋಷ್ಟು ಜಾಗ ಬಿಟ್ಟು ನಿಲ್ಬೇಕು ಅಂತ. ಆ ಜಾಗ ಕಂಡ್ರೆ ಹೋಗಿ ನಿಲ್ಲಿ. ಮಾತಿಗೆ "ನೀವೇನು ಕೆಲಸ ಮಾಡ್ತೀರ" ಅನ್ನೋದಕ್ಕಿಂತ "ಈ ವಾರ ಯಾವ ಬಗ್ ಜೊತೆ ಗುದ್ದಾಡ್ತಿದೀರ" ಅಂತ ಕೇಳಿ, ಜನ ಅರಳ್ತಾರೆ. ಊಟಕ್ಕೆ ಮಾತ್ರ ಆಫೀಸ್ ಗೆಳೆಯರ ಜೊತೆ ಕೂರ್ಬೇಡಿ, ಅವರು ಸೋಮವಾರ ಹೇಗೂ ಸಿಗ್ತಾರೆ.

ಮುಂಬೈಲಿ ಕಾರ್ಯಕ್ರಮ ಇದ್ರೆ ಒಂದು ಎಚ್ಚರ, ಭಾನುವಾರ ಲೋಕಲ್ ರೈಲಿಗೆ ಮೆಗಾಬ್ಲಾಕ್ (ರಿಪೇರಿಗೆ ಲೈನ್ ನಿಲ್ಲಿಸೋದು) ಇರತ್ತೆ, ಯಾವ ಲೈನು ಎಷ್ಟೊತ್ತು ಅಂತ ಶನಿವಾರವೇ ನೋಡ್ಕೊಳ್ಳಿ, ಪವಯಿ ಐಐಟಿಗೆ ಕಾಂಜುರ್‌ಮಾರ್ಗ್‌ನಲ್ಲಿ ಇಳಿದು ಹೋಗೋರು ಇದರಿಂದ ಬೆಳಗಿನ ಕೀನೋಟ್ (ಮುಖ್ಯ ಭಾಷಣ) ತಪ್ಪಿಸ್ಕೋತಾರೆ. ಪುಣೆಯಿಂದ ಒಂದೇ ದಿನಕ್ಕೆ ಹೋಗಿಬರೋರು ಸಂಜೆ 5:10ಕ್ಕೆ ಸಿಎಸ್‌ಎಂಟಿ ಬಿಡೋ ಡೆಕ್ಕನ್ ಕ್ವೀನ್ ಹಿಡಿಯೋಕೆ ಮೂರೂವರೆಗೇ ಎದ್ದು ಹೊರಡ್ತಾರೆ, ಲೈಟ್ನಿಂಗ್ ಟಾಕ್, ಚಹಾದ ಹೊತ್ತು, ಎಲ್ಲಾ ಒಳ್ಳೇದು ಇರೋದೇ ಅದಾದ್ಮೇಲೆ. ಸಾಧ್ಯ ಆದ್ರೆ ಒಂದು ರಾತ್ರಿ ಮಾಟುಂಗಾ ಕಡೆ ಯಾರಾದ್ರೂ ನಮ್ಮವರ ಮನೇಲಿ ಉಳ್ಕೊಳ್ಳಿ, ಬೆಳಿಗ್ಗೆ ಉಡುಪಿ ಹೋಟೆಲಲ್ಲಿ ಇಡ್ಲಿ ತಿಂದು ಬನ್ನಿ.

ಗೋವಾ ವಿಷಯ ಬೇರೆ. ಸೆಕ್ಯುರಿಟಿಯವರ ನಲ್‌ಕಾನ್ 2010ರಿಂದ ಗೋವಾದ್ದು ಅಂತಾನೇ ಹೆಸರು, ರೂಬಿ ಭಾಷೆಯವರ ರೂಬಿಕಾನ್ಫ್ ಇಂಡಿಯಾ 2014, 2015ರಲ್ಲಿ ಅಲ್ಲಾಗಿತ್ತು. ರೂಮು ತುಟ್ಟಿ, ಜಾಗ ದೂರ, ರಾತ್ರಿ ಬಸ್ಸಿಲ್ಲ, ಟ್ಯಾಕ್ಸಿಗೆ ದುಡ್ಡು ಸುರೀಬೇಕು, ಹಾಗಾಗಿ ಮೀಟಪ್ ಗೆಳೆಯರು ನಾಲ್ಕು ಜನ ಸೇರಿ ಒಂದು ಮನೆ ಬಾಡಿಗೆ ಹಿಡಿಯೋದೇ ದಾರಿ. ಬೀಚ್ ನೋಡೋಕೆ ಬೇರೆ ದಿನ ಇಟ್ಕೊಳ್ಳಿ, ಕಾನ್ಫರೆನ್ಸ್ ದಿನ ಕಾನ್ಫರೆನ್ಸಲ್ಲೇ ಇರಿ.

ಹೆಣ್ಮಕ್ಕಳಿಗೆ, ಅವರ ಜೊತೆ ಹೋಗೋ ಗಂಡುಮಕ್ಕಳಿಗೂ: ಕೋಡ್ ಆಫ್ ಕಂಡಕ್ಟ್ (ನಡವಳಿಕೆಯ ನಿಯಮಗಳು) ಇಲ್ದಿರೋ ಕಾನ್ಫರೆನ್ಸ್‌ಗೆ ಹೋಗ್ಬೇಡಿ. ಇದ್ರೆ ಅದ್ರಲ್ಲಿ ದೂರು ಯಾರಿಗೆ ಕೊಡ್ಬೇಕು ಅಂತ ಇರೋ ನಂಬರ್ ಮೊದಲೇ ಫೋನಲ್ಲಿ ಹಾಕ್ಕೊಳ್ಳಿ. ನಮ್ಮ ಗುಂಪಿನ ಒಬ್ಬ ತಂಗಿಗೆ ಒಂದು ಕಾರ್ಯಕ್ರಮದಲ್ಲಿ ಒಬ್ಬ ಬಿಡದೆ ನಂಬರ್ ಕೇಳಿ ಹಿಂದೆ ಬಿದ್ದಿದ್ದ, ಆಯೋಜಕರಿಗೆ ಹೇಳಿದ್ರೆ "ಅವನು ಹಾಗೇ, ಬಿಡಿ" ಅಂದ್ರು. ಅವಳು ಒಂದು ವರ್ಷ ಎಲ್ಲೂ ಬರ್ಲಿಲ್ಲ. ಅಷ್ಟು ಚೆನ್ನಾಗಿ ಕೋಡ್ ಬರೆಯೋ ಹುಡುಗಿ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ಪಕ್ಕದಲ್ಲಿ ನಿಂತಿರೋರು ಅಂಥ ಹೊತ್ತಲ್ಲಿ ಸುಮ್ನಿರ್ಬಾರ್ದು, ದೂರು ಕೊಡೋವಾಗ ಜೊತೆಗೆ ಹೋಗಿ ನಿಲ್ಬೇಕು.

ಸ್ಪ್ರಿಂಟ್ ದಿನ ಇದ್ರೆ ಬಿಡ್ಬೇಡಿ

ಟಾಕ್ ದಿನಗಳಾದ್ಮೇಲೆ ಎಷ್ಟೋ ಕಡೆ ಡೆವ್ ಸ್ಪ್ರಿಂಟ್ ಇರತ್ತೆ, ಪ್ರಾಜೆಕ್ಟ್ ಮಾಡಿದವರೇ ಮೇಜಿಗೊಬ್ಬರು ಕೂತಿರ್ತಾರೆ, ನೀವು ಹೋಗಿ ಜೊತೆಗೆ ಕೆಲಸ ಮಾಡೋದು. ಬಹಳ ಜನ ಭಾನುವಾರ ರಾತ್ರಿನೇ ಊರಿಗೆ ಹೊರಟುಬಿಡ್ತಾರೆ, ನನಗೆ ಕೇಳಿದ್ರೆ ಟಾಕ್ ದಿನ ತಪ್ಪಿಸ್ಕೊಂಡಾದ್ರೂ ಇದಕ್ಕೆ ಇರಿ. ತಯಾರಿ ಮಾತ್ರ ಮನೇಲೇ ಆಗ್ಬೇಕು. ನಾನು ಮೊದಲ ಸ್ಪ್ರಿಂಟಿಗೆ ಖಾಲಿ ಲ್ಯಾಪ್‌ಟಾಪ್ ತಗೊಂಡು ಹೋಗಿ, ಇನ್ನೂರು ಜನ ಒಂದೇ ವೈಫೈ ಮೇಲೆ ಬಿದ್ದಾಗ ರೆಪೊ ಕ್ಲೋನ್ (ಪ್ರಾಜೆಕ್ಟ್ ಕೋಡಿನ ಪ್ರತಿ ಇಳಿಸೋದು) ಆಗೋದ್ರಲ್ಲೇ ಊಟದ ಹೊತ್ತಾಗಿತ್ತು. ಪ್ರಾಜೆಕ್ಟ್ ಯಾವುದು ಅಂತ ಮುಂಚೆನೇ ನೋಡಿ, ಕ್ಲೋನ್ ಮಾಡಿ, ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಟೆಸ್ಟ್‌ಗಳು ಓಡ್ತಿವೆಯಾ ಅಂತ ನೋಡಿ, ಹೊಸಬರಿಗೆ ಅಂತ ಗುಡ್ ಫಸ್ಟ್ ಇಶ್ಯೂ ಗುರುತು ಹಾಕಿರೋ ಸಣ್ಣ ಕೆಲಸಗಳಲ್ಲಿ ಎರಡು ಆರಿಸಿಟ್ಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡ್ ಒಂದು ಬ್ಯಾಗಲ್ಲಿರ್ಲಿ, ಅದು ಇದ್ದವರ ಮೇಜಿಗೆ ಜನ ತಾವಾಗೇ ಬರ್ತಾರೆ. ಮೊದಲ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸ್ಕೊಳ್ಳಿ ಅಂತ ಕಳಿಸೋದು) ಡಾಕ್ಯುಮೆಂಟೇಶನ್ನಲ್ಲಿ ಒಂದು ತಪ್ಪು ತಿದ್ದಿದ್ದೇ ಆದ್ರೂ ಪರವಾಗಿಲ್ಲ, ಕನ್ನಡ ಅನುವಾದ ಬಾಕಿ ಇರೋ ಪ್ರಾಜೆಕ್ಟ್‌ಗಳೂ ಬೇಕಾದಷ್ಟಿವೆ.

ವಾಪಸ್ ಬಂದ್ಮೇಲೆ ಎರಡು ದಿನದೊಳಗೆ ಭೇಟಿಯಾದವರಿಗೆ ಮೆಸೇಜ್ ಹಾಕಿ. ಬರೀ "ನೈಸ್ ಮೀಟಿಂಗ್ ಯು" ಬೇಡ, ಏನು ಮಾತಾಡಿದ್ವಿ ಅಂತ ಒಂದು ಸಾಲು ಬರೀರಿ, ಕಳಿಸ್ತೀನಿ ಅಂದಿದ್ದ ಲಿಂಕ್ ಕಳಿಸಿ. ಒಂದು ವಾರ ಆದ್ರೆ ಅವರಿಗೂ ಮುಖ ಮರೆತಿರತ್ತೆ.

ಕೊನೆಗೆ ನಿಮ್ಮದೇ ಮೀಟಪ್

ವರ್ಷ ಆದ್ಮೇಲೆ ಒಂದು ತಿಂಗಳ ಜವಾಬ್ದಾರಿ ಹೊತ್ಕೊಳ್ಳಿ. ನಡೆಸೋರು ಎರಡೇ ಜನ ಆದ್ರೆ ಒಬ್ಬರಿಗೆ ಮಗು ಆದಾಗ, ಒಬ್ಬರು ಊರು ಬಿಟ್ಟಾಗ ಗುಂಪು ನಿಂತೋಗತ್ತೆ, ಹಾಗೆ ನಿಂತ ಗುಂಪುಗಳನ್ನ ನಾನೇ ಮೂರು ನೋಡಿದೀನಿ. ಕೆಲಸ ಏನು ದೊಡ್ಡದಲ್ಲ. ತಾರೀಕು ಬದಲಾಯಿಸ್ಬೇಡಿ, ಎರಡನೇ ಶನಿವಾರ ಅಂದ್ರೆ ಎರಡನೇ ಶನಿವಾರವೇ, ಮಳೆ ಬರ್ಲಿ ಮ್ಯಾಚ್ ಇರ್ಲಿ. ಜಾಗ ಮೆಟ್ರೋ ಸ್ಟೇಶನ್ ಹತ್ರ ನೋಡಿ, ಹಿಂಜವಡಿ ಮೂರನೇ ಫೇಸಿಗೆ ಶನಿವಾರ ಹಡಪ್ಸರದಿಂದ ಯಾರು ಬರ್ತಾರೆ, ಶಿವಾಜಿನಗರ ಡೆಕ್ಕನ್ ಕಡೆ ಆದ್ರೆ ಎಲ್ಲರಿಗೂ ಸಮ. ಸ್ಪೀಕರ್ ಒಬ್ಬರು ಕೈಕೊಟ್ರೆ ಇರ್ಲಿ ಅಂತ ಒಂದು ಟಾಕ್ ನಿಮ್ಮ ಹತ್ರ ಸದಾ ರೆಡಿ ಇರ್ಲಿ. ಜಾಗ ಕೊಟ್ಟವರ ಹೆಸರು ಶುರುವಲ್ಲಿ ಒಂದ್ಸಲ, ಕೊನೇಲಿ ಒಂದ್ಸಲ ಹೇಳಿ, ನಡುವೆ ಅವರ ಪ್ರಾಡಕ್ಟ್ ಪ್ರಚಾರಕ್ಕೆ ಅವಕಾಶ ಕೊಡ್ಬೇಡಿ.

ಮುಗಿದ್ಮೇಲೆ ಕುರ್ಚಿಗಳು ಇದ್ದ ಜಾಗಕ್ಕೆ ಹೋಗ್ಬೇಕು, ವೈಟ್‌ಬೋರ್ಡ್ ಒರೆಸ್ಬೇಕು, ಉಳಿದ ವಡಾಪಾವ್ ಗೇಟಲ್ಲಿರೋ ಕಾಕಾಗೆ ಕೊಟ್ಟು "ಕಾಕಾ, ಯೇತೋ ಆಮ್ಹಿ" (ಹೋಗಿ ಬರ್ತೀವಿ) ಅನ್ಬೇಕು, ರಿಜಿಸ್ಟರಲ್ಲಿ ಎಲ್ಲರ ಹೊರಗೆ ಹೋದ ಟೈಮ್ ಬರೆದಿದೆಯಾ ನೋಡ್ಬೇಕು, ಒಬ್ಬರದ್ದು ಬಿಟ್ಟೋದ್ರೂ ಸೋಮವಾರ ಜಾಗ ಕೊಟ್ಟವರಿಗೆ ಅವರ ಅಡ್ಮಿನ್‌ನಿಂದ ಫೋನ್ ಬರತ್ತೆ. ಆಮೇಲೆ ಎಲ್ಲರೂ ಎದುರಿನ ಟಪರಿಗೆ. ಅಡಾಪ್ಟರ್ ವಾಪಸ್ ಬ್ಯಾಗಿಗೆ ಹಾಕ್ಕೊಂಡ್ರಾ ಅಂತ ಮಾತ್ರ ಒಂದ್ಸಲ ನೋಡ್ಕೊಳ್ಳಿ, ನಂದು ಎರಡು ಹಾಗೇ ಹೋಗಿದೆ.